ಸ್ಟರ್ಜನ್ ಮರಿಗಳ ಮೇವಿಗೆ ಮೀನಿನ ತಲೆ, ಮುಳ್ಳು, ಕರುಳು: ಬಳಸುವ ಕ್ರಮ

ಸ್ಟರ್ಜನ್ ಎಂದರೆ ಮಾಂಸಕ್ಕೂ, ಕೇವಿಯರ್ ಎಂಬ ಮೊಟ್ಟೆಗೂ ಸಾಕುವ ಮೀನು. ಅದರ ಮರಿಗೆ ಮೇವು ಮಾಡುವ ಮೊದಲು ಅದು ತಿನ್ನುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಬಾಯಿ ಇರುವುದು ತಲೆಯ ಕೆಳಗೆ. ಅದರ ಮುಂದೆ ನಾಲ್ಕು ಮೀಸೆಗಳು. ಮರಿ ತೊಟ್ಟಿಯ ತಳವನ್ನು ಮೀಸೆಯಿಂದ ಸವರುತ್ತಾ ಹೋಗುತ್ತದೆ. ವಾಸನೆ, ರುಚಿ ಸಿಕ್ಕಿದ ಕಡೆ ನಿಂತು, ಬಾಯನ್ನು ಕೆಳಕ್ಕೆ ಚಾಚಿ ಹೀರಿಕೊಳ್ಳುತ್ತದೆ. ಕಣ್ಣನ್ನು ಅದು ಅಷ್ಟಾಗಿ ನೆಚ್ಚಿಕೊಂಡಿಲ್ಲ. ತಿನ್ನುವುದೂ ನಿಧಾನ. ಹಾಗಾಗಿ ಇದರ ಮೇವು ಮುಳುಗಬೇಕು, ತಳದಲ್ಲಿ ಸಾಕಷ್ಟು ಹೊತ್ತು ಒಡೆಯದೆ ಉಳಿಯಬೇಕು, ಮೀನಿನ ವಾಸನೆ ಇರಬೇಕು.

ಈ ಮೂರನೆಯದಕ್ಕೆ ಮೀನು ಕತ್ತರಿಸುವ ಘಟಕಗಳಲ್ಲಿ ಉಳಿಯುವ ತಲೆ, ಮುಳ್ಳಿನ ಹಂದರ, ಚರ್ಮ, ಕರುಳು, ಮಾಂಸದ ಚೂರುಗಳು ತುಂಬಾ ಚೆನ್ನಾಗಿ ಒದಗುತ್ತವೆ. ಇಡೀ ಮೀನಿನಿಂದ ಬರೀ ಮಾಂಸದ ತುಂಡು ತೆಗೆದರೆ ತೂಕದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉಳಿದುಬಿಡುತ್ತದೆ. ಅದನ್ನು ಎಸೆದು, ಮರಿಗಳಿಗಾಗಿ ಸಮುದ್ರದ ಸಣ್ಣ ಮೀನು ಹಿಡಿದು ಪುಡಿ ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಸ್ಟರ್ಜನ್ ವಿಷಯದಲ್ಲಂತೂ ಇದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಉಳಿದಿರುವ 26 ಸ್ಟರ್ಜನ್ ಜಾತಿಗಳೂ ಅಳಿವಿನ ಅಪಾಯದಲ್ಲಿವೆ ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2022ರಲ್ಲಿ ಹೇಳಿತು. ಕಾಡು ಮೀನನ್ನು ಉಳಿಸಲು ಸಾಕಣೆ ಬೇಕು ಎನ್ನುವ ನಾವು, ಸಾಕಣೆಗಾಗಿ ಇನ್ನೊಂದು ಕಾಡು ಮೀನನ್ನು ಖಾಲಿ ಮಾಡಬಾರದು ಅಲ್ವಾ?

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ಕೆಡುವುದು ಸೂತ್ರದಲ್ಲಿ ಅಲ್ಲ, ಮೀನು ಕತ್ತರಿಸಿದ ಮೊದಲ ಕೆಲವು ಗಂಟೆಗಳಲ್ಲಿ. ಕಸ ಎಂದು ಬಕೆಟ್ಟಿಗೆ ತಳ್ಳಿದ್ದು ಸಂಜೆಯ ಹೊತ್ತಿಗೆ ಕಸವೇ ಆಗಿರುತ್ತದೆ. ಆಹಾರ ಎಂದು ಐಸಿನಲ್ಲಿ ಇಟ್ಟಿದ್ದು ಆಹಾರವಾಗಿಯೇ ಉಳಿಯುತ್ತದೆ.

ಇಲ್ಲಿ ಹೇಳುವ ಕ್ರಮ ಒಣ ಮೇವಿಗೆ ಈಗಾಗಲೇ ಹೊಂದಿಕೊಂಡ, ಸುಮಾರು 5 ಗ್ರಾಂ ದಾಟಿದ ಮರಿಗಳಿಗೆ. ಆಗತಾನೆ ತಿನ್ನಲು ಕಲಿಯುತ್ತಿರುವ ಎಳೆ ಮರಿಗಳ ಮೇಲೆ ಕೈಯಲ್ಲಿ ಮಾಡಿದ ಮೇವಿನ ಪ್ರಯೋಗ ಬೇಡ. ಅವಕ್ಕೆ ಆರ್ಟೀಮಿಯಾದಂಥ (ಉಪ್ಪು ನೀರಿನ ಪುಟ್ಟ ಸೀಗಡಿಯಂಥ ಜೀವಿ) ಜೀವಂತ ಆಹಾರ ಮತ್ತು ಒಳ್ಳೆಯ ಸ್ಟಾರ್ಟರ್ ಫೀಡ್ ಸಾಕು.

1. ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು

ಮಾಂಸದ ಚೂರುಗಳು ಎಲ್ಲಕ್ಕಿಂತ ಒಳ್ಳೆಯವು. ತಲೆ ಮತ್ತು ಮುಳ್ಳಿನ ಹಂದರದಲ್ಲಿ ಮಾಂಸ ಅಂಟಿಕೊಂಡಿರುತ್ತದೆ, ಆದರೆ ಮೂಳೆ ಜಾಸ್ತಿ. ಕರುಳು, ಯಕೃತ್ತಿನಲ್ಲಿ ಕೊಬ್ಬು ಮತ್ತು ಜೀರ್ಣರಸಗಳಿವೆ. ಅವು ಎಲ್ಲಕ್ಕಿಂತ ಬೇಗ ಕೆಡುತ್ತವೆ. ಬರೀ ಚರ್ಮ ಮತ್ತು ಹುರುಪೆಯನ್ನು ನಾನು ಬೇರೆ ಇಡಲು ಹೇಳುತ್ತೇನೆ. ಅವುಗಳಲ್ಲಿರುವುದು ಹೆಚ್ಚಾಗಿ ಕೊಲಾಜನ್. ಅದೂ ಪ್ರೋಟೀನೇ, ಆದರೆ ಮರಿ ಬೆಳೆಯಲು ಬೇಕಾದ ಅಮೈನೋ ಆಮ್ಲಗಳಲ್ಲಿ ಮೆಥಿಯೊನಿನ್ ಅದರಲ್ಲಿ ಕಡಿಮೆ, ಟ್ರಿಪ್ಟೊಫಾನ್ ಇಲ್ಲವೇ ಇಲ್ಲ.

ಬೇಡವೇ ಬೇಡ ಎನ್ನಬೇಕಾದವು ಕೆಲವು ಇವೆ. ಉಪ್ಪು ಹಾಕಿದ, ಹೊಗೆಯಾಡಿಸಿದ ಮೀನಿನ ಚೂರುಗಳನ್ನು ಬಿಡಿ, ಉಪ್ಪು ಮೇವಿನಲ್ಲಿ ಸೇರಿಕೊಳ್ಳುತ್ತದೆ. ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ, ಸ್ಕ್ವಿಡ್‌ನ ಒಳಭಾಗದಲ್ಲಿ ಕ್ಯಾಡ್ಮಿಯಂ ಸೇರಿಕೊಂಡಿರಬಹುದು. ಪರೀಕ್ಷೆ ಮಾಡಿಸದೆ ಅವನ್ನು ಮುಟ್ಟಬೇಡಿ. ಟ್ಯೂನಾ, ಮ್ಯಾಕರೆಲ್ ಗುಂಪಿನ ಮೀನು ಬೆಚ್ಚಗೆ ಬಿದ್ದಿದ್ದರೆ ಹಿಸ್ಟಮಿನ್ ಎಂಬ ವಿಷ ಹುಟ್ಟಿರುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಇನ್ನೊಂದು, ಸ್ಟರ್ಜನ್‌ಗೆ ಸ್ಟರ್ಜನ್ನನ್ನೇ ತಿನ್ನಿಸಬೇಡಿ. ಮಾಂಸ, ಕೇವಿಯರ್ ತೆಗೆದ ಮೇಲೆ ಉಳಿದ ಭಾಗ ಕಣ್ಣ ಮುಂದೆಯೇ ಇರುತ್ತದೆ, ಆಸೆಯಾಗುವುದು ಸಹಜ. ಆದರೆ ಆ ಜಾತಿಯ ವೈರಸ್‌ಗಳು ನೇರವಾಗಿ ಮರಿಗಳ ತೊಟ್ಟಿಗೆ ಬರುವ ದಾರಿ ಅದೇ. ಸಾಕಿದ ಮೀನಿನಿಂದ ತೆಗೆದ ಪ್ರೋಟೀನನ್ನು ಅದೇ ಜಾತಿಯ ಸಾಕು ಮೀನಿಗೆ ಹಾಕುವುದನ್ನು ಯುರೋಪಿಯನ್ ಒಕ್ಕೂಟದ 1069/2009ನೇ ನಿಯಮ ನಿಷೇಧಿಸಿದೆ. ನಿಮ್ಮ ದೇಶದ ನಿಯಮ ಬೇರೆಯಿದ್ದರೂ ಈ ಗೆರೆ ದಾಟದಿರುವುದೇ ಒಳ್ಳೆಯದು.

2. ಮೊದಲ ಗಂಟೆಗಳು

ಕತ್ತರಿಸುವ ಮೇಜಿನ ಪಕ್ಕದಲ್ಲೇ ಎರಡು ಡಬ್ಬಿ ಇಡಿ. ಒಂದಕ್ಕೆ ತಲೆ, ಮುಳ್ಳು, ಚೂರು. ಇನ್ನೊಂದಕ್ಕೆ ಕರುಳು. ಎರಡರಲ್ಲೂ ಐಸ್ ಇರಲಿ, ಉಷ್ಣತೆ 0ರಿಂದ 4 ಡಿಗ್ರಿ ಒಳಗೆ ಇರಲಿ. ಕರುಳಿನ ರಸ ಬೇರೆ ಭಾಗಕ್ಕೆ ತಾಗಿದರೆ ಅದನ್ನೂ ಕರಗಿಸಲು ಶುರುಮಾಡುತ್ತದೆ. ಅದಕ್ಕೇ ಈ ಬೇರ್ಪಡಿಕೆ.

ಆ ದಿನವೇ ಬೇಯಿಸಿ ಅಥವಾ ಆಸಿಡ್ ಹಾಕಿ. ಆಗದಿದ್ದರೆ ತೆಳ್ಳಗೆ ಹರಡಿ ಫ್ರೀಜ್ ಮಾಡಿ. ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಅನಿಸಾಕಿಸ್‌ನಂಥ ಪರೋಪಜೀವಿ ಹುಳುಗಳು ಸಾಯುತ್ತವೆ. ಬ್ಯಾಕ್ಟೀರಿಯಾ, ವೈರಸ್ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ಆಸಿಡ್ ಇಲ್ಲದೆ, ಮುಚ್ಚಿದ ಡ್ರಮ್ಮಿನಲ್ಲಿ ಕರುಳನ್ನು ದಿನಗಟ್ಟಲೆ ಇಡುವುದು ತುಂಬಾ ಅಪಾಯ. ಗಾಳಿ ಸಿಗದ ಜಾಗದಲ್ಲಿ ಬೆಳೆಯುವ ಬೊಟುಲಿನಂ ಬ್ಯಾಕ್ಟೀರಿಯಾದ ಇ ಮಾದರಿ ತಣ್ಣಗಿನ ಮೀನಿನಲ್ಲೂ ವಿಷ ಮಾಡಬಲ್ಲದು.

ಹಸಿ ಮೀನನ್ನೇ ಅರೆದು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ರೋಗದ ಮಾತು ಬಿಟ್ಟರೂ, ಕಾರ್ಪ್, ಹೆರಿಂಗ್ ಸೇರಿದಂತೆ ಹಲವು ಮೀನುಗಳ ಹಸಿ ದೇಹದಲ್ಲಿ, ಅದರಲ್ಲೂ ಕರುಳಿನಲ್ಲಿ, ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಮೇವಿನಲ್ಲಿರುವ ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ಚೆನ್ನಾಗಿ ಬೇಯಿಸಿದರೆ ಆ ಕಿಣ್ವ ನಿಲ್ಲುತ್ತದೆ.

3. ಪುಡಿ ಮಾಡುವುದಾದರೆ

ತಲೆ, ಮುಳ್ಳು, ಚೂರು ಜಾಸ್ತಿ ಸಿಗುವವರಿಗೆ ಇದು ದಾರಿ. ಮಿನ್ಸರ್‌ನಲ್ಲಿ ಅರೆದು, ಒಳಗಿನ ಉಷ್ಣತೆ 90 ಡಿಗ್ರಿ ಮುಟ್ಟುವಂತೆ 20ರಿಂದ 30 ನಿಮಿಷ ಬೇಯಿಸಿ. ಬಿಸಿಯಿರುವಾಗಲೇ ಹಿಂಡಿ. ಬಂದ ನೀರನ್ನು ನಿಲ್ಲಲು ಬಿಟ್ಟರೆ ಮೇಲೆ ಎಣ್ಣೆ ತೇಲುತ್ತದೆ. ಅದನ್ನು ಬೇರೆ ಮಾಡಿ. ಕೆಳಗಿನ ನೀರನ್ನು ಚೆಲ್ಲಬೇಡಿ, ಕರಗಿದ ಪ್ರೋಟೀನ್ ಮತ್ತು ಮರಿಯನ್ನು ಸೆಳೆಯುವ ರುಚಿ ಇರುವುದು ಅದರಲ್ಲೇ. ಕುದಿಸಿ ಗಟ್ಟಿ ಮಾಡಿ, ಹಿಂಡಿದ ಮೇಲೆ ಉಳಿದ ಹಿಂಡಿಗೆ ಮತ್ತೆ ಸೇರಿಸಿ.

ಹಿಂಡಿಯನ್ನು 80 ಡಿಗ್ರಿ ಮೀರದಂತೆ ಒಣಗಿಸಿ. ಅವಸರದಲ್ಲಿ ಜಾಸ್ತಿ ಬಿಸಿ ಮಾಡಿದರೆ ಲೈಸಿನ್ ಎಂಬ ಅಮೈನೋ ಆಮ್ಲ ಹಾಳಾಗುತ್ತದೆ, ಜೀರ್ಣವಾಗುವುದೂ ಕಡಿಮೆ. ತೇವ ಶೇ 10ಕ್ಕಿಂತ ಕೆಳಗೆ ಬಂದ ಮೇಲೆ ಪುಡಿ ಮಾಡಿ, ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಈ ಜರಡಿ ಹಿಡಿಯುವ ಕೆಲಸವನ್ನು ಯಾರೂ ತಪ್ಪಿಸಬಾರದು. ಮಾಂಸ ಬೇಗ ಪುಡಿಯಾಗಿ ಕೆಳಗೆ ಬೀಳುತ್ತದೆ, ಮೂಳೆಯ ಹರಳು ಮೇಲೆ ಉಳಿಯುತ್ತದೆ. ಆ ಹರಳನ್ನು ತೆಗೆದಷ್ಟೂ ಪುಡಿಯ ಬೂದಿ ಅಂಶ (ಸುಟ್ಟ ಮೇಲೆ ಉಳಿಯುವ ಖನಿಜ) ಇಳಿಯುತ್ತದೆ.

ಬೂದಿಯ ಬಗ್ಗೆ ಇಷ್ಟು ತಲೆಬಿಸಿ ಯಾಕೆ? ಇಡೀ ಮೀನಿನ ಪುಡಿಯಲ್ಲಿ ಬೂದಿ ಸಾಮಾನ್ಯವಾಗಿ ಶೇ 15ರ ಆಸುಪಾಸು. ತಲೆ, ಮುಳ್ಳಿನ ಪುಡಿಯಲ್ಲಿ ಶೇ 20 ದಾಟುವುದು ಮಾಮೂಲು. ಸ್ಟರ್ಜನ್‌ಗೆ ಆಮ್ಲ ಸುರಿಸುವ ಹೊಟ್ಟೆ ಇದೆ, ಹಾಗಾಗಿ ಮೂಳೆಯ ರಂಜಕವನ್ನು ಒಂದಷ್ಟು ಬಳಸಿಕೊಳ್ಳುತ್ತದೆ. ಮಿಕ್ಕಿದ್ದು ಹಿಕ್ಕೆಯಾಗಿ ನೀರಿಗೆ. ಮೂಳೆ ಜಾಸ್ತಿಯಾದಂತೆ ಸತುವಿನಂಥ ಖನಿಜ ಹೀರುವುದೂ ಕುಗ್ಗುತ್ತದೆ. ಮರಿಯ ಚಿಕ್ಕ ಹೊಟ್ಟೆಯಲ್ಲಿ ಮೂಳೆಗೆ ಕೊಟ್ಟ ಜಾಗ ಮಾಂಸಕ್ಕೆ ಸಿಗುವುದಿಲ್ಲ.

4. ಸೈಲೇಜ್ ಮಾಡುವುದಾದರೆ

ದೊಡ್ಡ ಯಂತ್ರ ಇಲ್ಲದವರಿಗೆ, ಕರುಳು ಜಾಸ್ತಿ ಬರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಮೀನಿಗೆ ಆಸಿಡ್ ಸೇರಿಸಿದರೆ ಕೊಳೆಸುವ ಬ್ಯಾಕ್ಟೀರಿಯಾ ನಿಲ್ಲುತ್ತವೆ. ಕರುಳಿನ ಕಿಣ್ವಗಳು ಮಾತ್ರ ಕೆಲಸ ಮುಂದುವರಿಸಿ ಮಾಂಸವನ್ನು ದ್ರವ ಮಾಡುತ್ತವೆ. ಈ ದ್ರವವೇ ಸೈಲೇಜ್.

ಎಲ್ಲವನ್ನೂ 1 ಸೆಂಟಿಮೀಟರಿಗಿಂತ ಸಣ್ಣಗೆ ಅರೆಯಿರಿ. ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣ ಬೇಡ. 100 ಕೆಜಿ ಅರೆದ ಮೀನಿಗೆ ಶೇ 85ರ ಫಾರ್ಮಿಕ್ ಆಸಿಡ್ 3ರಿಂದ 3.5 ಕೆಜಿ. ಮೂಳೆ ಜಾಸ್ತಿಯಿದ್ದರೆ ಮೂಳೆಯೇ ಆಸಿಡನ್ನು ತಿಂದುಬಿಡುತ್ತದೆ, ಆಗ 3.5 ಕೆಜಿಯೇ ಬೇಕಾಗುತ್ತದೆ. ಸ್ವಲ್ಪ ಸ್ವಲ್ಪ ಸುರಿಯುತ್ತಾ ತಳದಿಂದ ಕಲಸಿ. ಆಸಿಡ್ ತಾಗದ ಒಂದು ಗಂಟು ಉಳಿದರೂ ಅಲ್ಲಿಂದಲೇ ಕೊಳೆಯುವುದು ಶುರು. ಫಾರ್ಮಿಕ್ ಆಸಿಡ್ ಚರ್ಮ ಸುಡುತ್ತದೆ, ಅದರ ಹೊಗೆ ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುವ ಕನ್ನಡಕ, ಏಪ್ರನ್ ಹಾಕಿಕೊಂಡು, ಗಾಳಿ ಆಡುವ ಜಾಗದಲ್ಲೇ ಮಾಡಿ. ಪಕ್ಕದಲ್ಲಿ ಸಾಕಷ್ಟು ನೀರು ಇರಲಿ.

ಪಿಎಚ್ 4ಕ್ಕಿಂತ ಕೆಳಗಿರಬೇಕು. ಮಾರನೆಯ ದಿನ ನೋಡಿ, ಮೊದಲ ವಾರ ದಿನಾ ನೋಡಿ, ಏರಿದ್ದರೆ ಇನ್ನಷ್ಟು ಆಸಿಡ್ ಹಾಕಿ. ದಿನಕ್ಕೊಮ್ಮೆ ಕಲಕಿ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಕೆಲವೇ ದಿನಗಳಲ್ಲಿ ಗಂಜಿಯಂತೆ ಆಗುತ್ತದೆ. ತಂಪು ಜಾಗದಲ್ಲಿ ವಾರಗಳೇ ಬೇಕು. ಕರುಳು ಇಲ್ಲದ ಡ್ರಮ್ ಸರಿಯಾಗಿ ಕರಗುವುದೇ ಇಲ್ಲ, ಹಾಗಾಗಿ ಬರೀ ತಲೆಗಳಿದ್ದರೆ ಒಂದಿಷ್ಟು ತಾಜಾ ಕರುಳು ಸೇರಿಸಿಕೊಳ್ಳಿ.

ಈಗ ಬಹಳ ಜನ ಮರೆಯುವ ಹೆಜ್ಜೆ. ದ್ರವವಾದ ಕೂಡಲೇ ಇಡೀ ಡ್ರಮ್ಮಿನ ಸೈಲೇಜನ್ನು 85ರಿಂದ 90 ಡಿಗ್ರಿಗೆ ಕಾಯಿಸಿ, ಸುಮಾರು ಅರ್ಧ ಗಂಟೆ ಅಷ್ಟೇ ಬಿಸಿಯಲ್ಲಿ ಇಡಿ. ಇದರಿಂದ ಮೂರು ಲಾಭ. ಕಿಣ್ವ ನಿಲ್ಲುತ್ತದೆ. ಆಸಿಡ್‌ಗೆ ಜಗ್ಗದ ಬಹಳಷ್ಟು ರೋಗಾಣುಗಳು ಬಿಸಿಗೆ ಸಾಯುತ್ತವೆ. ಎಣ್ಣೆ ಮೇಲೆ ಬಂದು ತೆಗೆಯಲು ಸುಲಭವಾಗುತ್ತದೆ. ಕಿಣ್ವ ನಿಲ್ಲಿಸದಿದ್ದರೆ ಪ್ರೋಟೀನ್ ಒಡೆದು ಒಡೆದು ಬಿಡಿ ಅಮೈನೋ ಆಮ್ಲಗಳಾಗುತ್ತವೆ. ಸ್ವಲ್ಪ ಇದ್ದರೆ ಅದು ರುಚಿ. ಜಾಸ್ತಿಯಾದರೆ ಮರಿಯ ದೇಹಕ್ಕೆ ಒಮ್ಮೆಲೇ ನುಗ್ಗಿ, ಬೆಳವಣಿಗೆಗೆ ಸಿಗದೆ ಅಮೋನಿಯಾ ಆಗಿ ಹೊರಹೋಗುತ್ತದೆ. ಮೂಳೆಯನ್ನು ಜರಡಿಯಲ್ಲಿ ಸೋಸಿ ತೆಗೆಯಿರಿ. ತಿಂಗಳುಗಟ್ಟಲೆ ಇಟ್ಟ ಸೈಲೇಜಿನಲ್ಲಿ ಟ್ರಿಪ್ಟೊಫಾನ್ ಕರಗಿಹೋಗುತ್ತದೆ. ಮಾಡಿದ್ದನ್ನು ಬೇಗ ಬಳಸುವುದೇ ಲೇಸು.

ಕಿಣ್ವ ಹೊರಗಿನಿಂದ ಹಾಕಿ 50–60 ಡಿಗ್ರಿಯಲ್ಲಿ ಕೆಲವೇ ಗಂಟೆಯಲ್ಲಿ ಹೈಡ್ರೊಲೈಸೇಟ್ (ಕಿಣ್ವದಿಂದ ಒಡೆದ ಪ್ರೋಟೀನ್) ಮಾಡುವ ವಿಧಾನವೂ ಇದೆ. ಅದು ಕಾರ್ಖಾನೆಯ ಕೆಲಸ. ಸಿದ್ಧ ಪುಡಿ ಸಿಕ್ಕರೆ ಮೇವಿನ ಶೇ 3ರಿಂದ 5ರಷ್ಟು ಸೇರಿಸಿ ನೋಡಬಹುದು.

5. ಎಣ್ಣೆಯನ್ನು ಕಾಯಿರಿ

ಮೀನಿನೆಣ್ಣೆ ಗಾಳಿ, ಬೆಳಕು, ಬಿಸಿ ತಾಗಿದರೆ ಕಮಟು ಹಿಡಿಯುತ್ತದೆ. ಕಮಟು ಎಣ್ಣೆ ತಿಂದ ಮರಿಯ ಯಕೃತ್ತು ಹಾಳಾಗುತ್ತದೆ, ವಿಟಮಿನ್ ಇ ಖಾಲಿಯಾಗುತ್ತದೆ. ಎಣ್ಣೆ ಬೇರೆ ಮಾಡಿದ ತಕ್ಷಣ ವಿಟಮಿನ್ ಇ ಅಥವಾ ಬಿಎಚ್‌ಟಿಯಂಥ ಉತ್ಕರ್ಷಣ ನಿರೋಧಕವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಬೆರೆಸಿ. ಕಪ್ಪು ಡಬ್ಬಿಯಲ್ಲಿ ಬಾಯಿಯವರೆಗೆ ತುಂಬಿ ತಂಪಿನಲ್ಲಿ ಇಡಿ. ಪುಡಿಗೂ ಇದೇ ಮಾತು. ಮೂಗಿಗೆ ಅನುಮಾನ ಬಂದರೆ ಆ ಎಣ್ಣೆಯನ್ನು ಮರಿಗಳ ಮೇವಿಗೆ ಹಾಕಬೇಡಿ.

ಸ್ಟರ್ಜನ್‌ಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳಬಲ್ಲವು. ಸಾಕಣೆಯ ಬಹುತೇಕ ಬೇರೆ ಮೀನುಗಳಿಗೆ ಈ ಶಕ್ತಿ ಇಲ್ಲ. ವಿಟಮಿನ್ ಇಗೆ ಮಾತ್ರ ಅವು ನಿಮ್ಮ ಕೈಯನ್ನೇ ನೋಡುತ್ತವೆ.

6. ಪರೀಕ್ಷೆ ಮಾಡಿಸಿ, ಆದರೆ ಪ್ರೋಟೀನ್ ಅಂಕೆಗೆ ಮರುಳಾಗಬೇಡಿ

ಪ್ರತಿ ದೊಡ್ಡ ಕಂತಿನಲ್ಲೂ ತೇವ, ಪ್ರೋಟೀನ್, ಕೊಬ್ಬು, ಬೂದಿ, ಎಣ್ಣೆಯ ಕಮಟು ಹೇಳುವ ಪೆರಾಕ್ಸೈಡ್ ಮೌಲ್ಯ, ಮತ್ತು ತಾಜಾತನ ಹೇಳುವ ಟಿವಿಬಿ-ಎನ್ ಪರೀಕ್ಷೆ ಮಾಡಿಸಿ. ಪ್ರಯೋಗಾಲಯ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಕೊಲಾಜನ್ನಿನ ಸಾರಜನಕವೂ, ಕೊಳೆತ ಮೀನಿನ ಅಮೋನಿಯಾದ ಸಾರಜನಕವೂ ಆ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಚರ್ಮವೇ ಜಾಸ್ತಿ ಇರುವ ಪುಡಿಯೂ ಶೇ 60 ಎಂದು ತೋರಿಸಬಹುದು. ಅದಕ್ಕೇ ಅಮೈನೋ ಆಮ್ಲಗಳ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿ, ಲೈಸಿನ್ ಮತ್ತು ಮೆಥಿಯೊನಿನ್ ನೋಡಿಕೊಳ್ಳಿ.

7. ಮಿಶ್ರಣ

ಬೆಳೆಯುವ ಸ್ಟರ್ಜನ್ ಮರಿಗೆ ಮೇವಿನಲ್ಲಿ ಪ್ರೋಟೀನ್ ಶೇ 40ರಿಂದ 45, ಕೊಬ್ಬು ಶೇ 12ರಿಂದ 16 ಇದ್ದರೆ ಸರಿ. 100 ಕೆಜಿಗೆ ಒಂದು ಲೆಕ್ಕ ಹೀಗಿದೆ:

- ಇಡೀ ಮೀನಿನ ಪುಡಿ (ಪ್ರೋಟೀನ್ ಶೇ 65): 25 ಕೆಜಿ
- ತಲೆ, ಮುಳ್ಳು, ಚೂರುಗಳ ಜರಡಿ ಹಿಡಿದ ಪುಡಿ (ಶೇ 60): 25 ಕೆಜಿ
- ಸೋಯಾ ಹಿಂಡಿ (ಶೇ 46): 15 ಕೆಜಿ
- ಗೋಧಿ ಹಿಟ್ಟು (ಶೇ 12): 18 ಕೆಜಿ
- ಗೋಧಿ ಗ್ಲುಟೆನ್, ಅಂದರೆ ಗೋಧಿಯ ಅಂಟು ಪ್ರೋಟೀನ್ (ಶೇ 75): 4 ಕೆಜಿ
- ಒಣ ಯೀಸ್ಟ್ (ಶೇ 45): 3 ಕೆಜಿ
- ಮೀನಿನೆಣ್ಣೆ: 8 ಕೆಜಿ
- ವಿಟಮಿನ್, ಖನಿಜ ಮಿಶ್ರಣ: 2 ಕೆಜಿ

ಕೂಡಿದರೆ ಪ್ರೋಟೀನ್ ಸುಮಾರು 44.7 ಕೆಜಿ. ಕೊಬ್ಬು 13 ಕೆಜಿ ದಾಟುತ್ತದೆ. ನಿಮ್ಮ ಪುಡಿಯ ಅಂಕೆ ಬೇರೆ ಬಂದರೆ ಲೆಕ್ಕವನ್ನು ಮತ್ತೆ ಹಾಕಿ.

ಇದು ನಾನು ಮೇಲ್ಮಿತಿ ಎಂದು ಇಟ್ಟುಕೊಳ್ಳುವ ಸೂತ್ರ. ಮೊದಲ ಸಲಕ್ಕೆ ಇಡೀ ಮೀನಿನ ಪುಡಿ 37 ಕೆಜಿ, ಉಳಿಕೆಯ ಪುಡಿ 13 ಕೆಜಿ ಸಾಕು. ಮರಿಗಳು ಚೆನ್ನಾಗಿ ಬೆಳೆದರೆ ಮುಂದಿನ ಸಲ ಏರಿಸಿ. ಇಡೀ ಮೀನಿನ ಪುಡಿಯನ್ನು ಪೂರ್ತಿ ಕೈಬಿಡುವ ಆಸೆಯನ್ನು ಮರಿಗಳ ಹಂತದಲ್ಲಿ ಇಟ್ಟುಕೊಳ್ಳಬೇಡಿ.

ಸೈಲೇಜನ್ನು ಒಣಗಿಸುವ ಖರ್ಚು ಯಾಕೆ? ಹಿಟ್ಟು ಕಲಸಲು ಹೇಗೂ ನೀರು ಬೇಕು. ಆ ನೀರಿನ ಜಾಗದಲ್ಲಿ ಸೈಲೇಜ್ ಸುರಿಯಿರಿ. 100 ಕೆಜಿ ಒಣ ಮಿಶ್ರಣಕ್ಕೆ 30 ಕೆಜಿ ಸೈಲೇಜ್ ಹಿಡಿಯುತ್ತದೆ. ಅದರಲ್ಲಿ ಪ್ರೋಟೀನ್ ಶೇ 15 ಇದ್ದರೆ 4.5 ಕೆಜಿ ಸಿಕ್ಕಿತು, ಅಂದರೆ ಉಳಿಕೆಯ ಪುಡಿ 7.5 ಕೆಜಿ ಕಡಿಮೆ ಹಾಕಬಹುದು. ಆಸಿಡ್‌ನ ಪಾಲೂ ಮೇವಿನ ಶೇ 1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊದಮೊದಲು ಅರ್ಧ ಸೈಲೇಜ್, ಅರ್ಧ ನೀರು ಹಾಕಿ ಮರಿಗಳು ಹುಳಿಯನ್ನು ಒಪ್ಪುತ್ತವೆಯೇ ನೋಡಿ.

8. ಗುಳಿಗೆ ಮಾಡುವುದು

ಎಲ್ಲ ಒಣ ಪದಾರ್ಥಗಳನ್ನೂ ನುಣ್ಣಗೆ ಪುಡಿ ಮಾಡಿ. ದಪ್ಪ ಕಣ ಇದ್ದ ಕಡೆಯೇ ಗುಳಿಗೆ ನೀರಿನಲ್ಲಿ ಬಿರಿಯುತ್ತದೆ. ಗೋಧಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ಅಥವಾ ಬಿಸಿ ಸೈಲೇಜಿನಲ್ಲಿ ಬೇಯಿಸಿಕೊಂಡರೆ ಅಂಟು ಚೆನ್ನಾಗಿ ಬರುತ್ತದೆ. ಮಿಶ್ರಣ ಆರಿದ ಮೇಲೆ ವಿಟಮಿನ್ ಸೇರಿಸಿ. ಎಣ್ಣೆಯ ಅರ್ಧವನ್ನು ಹಿಟ್ಟಿಗೆ, ಉಳಿದರ್ಧವನ್ನು ಒಣಗಿದ ಗುಳಿಗೆಯ ಮೇಲೆ ಸವರಲು ಇಟ್ಟುಕೊಳ್ಳಿ.

5ರಿಂದ 20 ಗ್ರಾಂ ಮರಿಗೆ 1.5ರಿಂದ 2 ಮಿಲಿಮೀಟರ್, 50 ಗ್ರಾಂ ದಾಟಿದ ಮೇಲೆ 3 ಮಿಲಿಮೀಟರ್ ಗುಳಿಗೆ. 50–60 ಡಿಗ್ರಿ ಗಾಳಿಯಲ್ಲಿ, ತೇವ ಶೇ 10ಕ್ಕೆ ಇಳಿಯುವವರೆಗೆ ಒಣಗಿಸಿ.

ಚೀಲಕ್ಕೆ ತುಂಬುವ ಮೊದಲು ಗಾಜಿನ ಜಾಡಿ ಪರೀಕ್ಷೆ. ಮರಿಗಳ ತೊಟ್ಟಿಯ ನೀರನ್ನೇ ತೆಗೆದುಕೊಂಡು ಹತ್ತು ಗುಳಿಗೆ ಹಾಕಿ. ಎಲ್ಲವೂ ಮುಳುಗಬೇಕು. ಅರ್ಧ ಗಂಟೆಯ ನಂತರ ಬೆರಳಲ್ಲಿ ಎತ್ತಿದರೆ ಮೆತ್ತಗಿರಬೇಕು, ಪುಡಿಯಾಗಬಾರದು. ನೀರು ಕದಡಿದ್ದರೆ ಗ್ಲುಟೆನ್ ಹೆಚ್ಚಿಸಿ ಅಥವಾ ಹಿಟ್ಟನ್ನು ಇನ್ನಷ್ಟು ಬೇಯಿಸಿ. ನಿಧಾನಕ್ಕೆ ತಿನ್ನುವ ಈ ಮೀನಿಗೆ ಈ ಪರೀಕ್ಷೆ ಪ್ರಯೋಗಾಲಯದ ವರದಿಯಷ್ಟೇ ಮುಖ್ಯ.

9. ತೊಟ್ಟಿಯಲ್ಲಿ

ಹಳೆಯ ಮೇವನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೂರ್ನಾಲ್ಕು ದಿನ ಕಾಲುಭಾಗ ಹೊಸದು, ಮತ್ತೆ ಮೂರ್ನಾಲ್ಕು ದಿನ ಅರ್ಧ, ಹೀಗೆ ಎರಡು ವಾರದಲ್ಲಿ ಪೂರ್ತಿ ಬದಲಿಸಿ. ಸ್ಟರ್ಜನ್ ಅಭ್ಯಾಸದ ಮೀನು. ಪರಿಚಯವಿಲ್ಲದ ರುಚಿಯನ್ನು ದಿನಗಟ್ಟಲೆ ಮುಟ್ಟದೆ ಇರುವುದುಂಟು.

ನೀರು 18–20 ಡಿಗ್ರಿ ಇದ್ದಾಗ 5 ಗ್ರಾಂ ಮರಿಗೆ ದಿನಕ್ಕೆ ದೇಹತೂಕದ ಶೇ 5ರ ಸುತ್ತಮುತ್ತ, 20 ಗ್ರಾಮಿಗೆ ಶೇ 3ರಿಂದ 4, 100 ಗ್ರಾಮಿಗೆ ಶೇ 2 ಎಂದು ಶುರುಮಾಡಿ. ತಲಾ 20 ಗ್ರಾಮಿನ 1,000 ಮರಿಗಳೆಂದರೆ 20 ಕೆಜಿ. ಶೇ 3ರಂತೆ ದಿನಕ್ಕೆ 600 ಗ್ರಾಂ, ಆರು ಹೊತ್ತು 100 ಗ್ರಾಂ. ಒಂದೆರಡು ಹೊತ್ತು ರಾತ್ರಿಯೂ ಇರಲಿ, ಕತ್ತಲಲ್ಲಿ ತಿನ್ನಲು ಅವಕ್ಕೆ ತೊಂದರೆಯಿಲ್ಲ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ತಳ ನೋಡಿ. ಉಳಿದಿದ್ದರೆ ಹೀರಿ ತೆಗೆದು, ಮುಂದಿನ ಹೊತ್ತಿಗೆ ಕಡಿಮೆ ಹಾಕಿ. ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗಿಂತ ಇಳಿದರೆ ಮೇವು ನಿಲ್ಲಿಸಿ, ಮೊದಲು ಗಾಳಿ ಕೊಡಿ.

ಮರಿಗಳು ಮುಖ ತಿರುಗಿಸಿದರೆ, ಹೊಟ್ಟೆ ಉಬ್ಬಿ ಮೇಲೆ ತೇಲಿದರೆ, ದಾರಿ ತಪ್ಪಿದಂತೆ ಸುತ್ತು ಹೊಡೆದರೆ ಆ ಕಂತಿನ ಮೇವನ್ನು ಅಂದೇ ನಿಲ್ಲಿಸಿ. ಸತ್ತ ಮರಿ ಸಿಕ್ಕರೆ ಕೊಯ್ದು ಯಕೃತ್ತು ನೋಡಿ. ಬಿಳಿಚಿ, ಹಳದಿಯಾಗಿ, ಬೆರಳಿಗೆ ಜಿಡ್ಡು ಹತ್ತುವಂತಿದ್ದರೆ ಮೊದಲ ಅನುಮಾನ ಎಣ್ಣೆಯ ಮೇಲೆ.

10. ಹೋಲಿಸಿ ನೋಡುವುದು

ಎಲ್ಲ ತೊಟ್ಟಿಗಳಿಗೂ ಹೊಸ ಮೇವು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಗಾತ್ರದ ಮರಿಗಳನ್ನು ಆರಿಸಿ, ಮೂರು ತೊಟ್ಟಿಗೆ ಹಳೆಯದು, ಮೂರಕ್ಕೆ ಹೊಸದು ಎಂಟು ವಾರ ಹಾಕಿ. ಎರಡು ವಾರಕ್ಕೊಮ್ಮೆ ತೂಗಿ. ತೂಗುವ ಹಿಂದಿನ ದಿನ ಮೇವು ಬೇಡ. ಹಾಕಿದ ಮೇವನ್ನು ಏರಿದ ತೂಕದಿಂದ ಭಾಗಿಸಿ. 36 ಕೆಜಿ ಮೇವಿಗೆ 30 ಕೆಜಿ ತೂಕ ಏರಿದ್ದರೆ ಅನುಪಾತ 1.2. ಜೊತೆಗೆ ಸತ್ತವು ಎಷ್ಟು, ಮರಿಗಳ ನಡುವೆ ಗಾತ್ರದ ಅಂತರ ಎಷ್ಟು, ನೀರಿನಲ್ಲಿ ಅಮೋನಿಯಾ ಮತ್ತು ರಂಜಕ ಎಷ್ಟು ಎಂದು ಬರೆದಿಡಿ. ತೂಕ ಸಮ ಬಂದು ರಂಜಕ ಮಾತ್ರ ಏರಿದ್ದರೆ ಜರಡಿಯನ್ನು ಇನ್ನೂ ಸಣ್ಣ ಮಾಡಿ. ತೂಕವೇ ಹಿಂದೆ ಬಿದ್ದಿದ್ದರೆ ಉಳಿಕೆಯ ಪುಡಿಯನ್ನು ಅರ್ಧಕ್ಕೆ ಇಳಿಸಿ, ಆ ಕಂತಿನ ಅಮೈನೋ ಆಮ್ಲದ ವರದಿಯನ್ನೂ, ಮೀನು ಕತ್ತರಿಸಿದ ದಿನ ಅದು ಎಷ್ಟು ಹೊತ್ತು ಐಸಿಲ್ಲದೆ ಇತ್ತು ಎಂಬುದನ್ನೂ ಮತ್ತೆ ತೆಗೆದು ನೋಡಿ.